ಮೊದಲ ಸಲ ಮನೆಯಲ್ಲಿ ಸೇಡರ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಗಂಡ ಯಹೂದಿ. ನಾವಿರುವುದು ಅಮೆರಿಕದಲ್ಲಿ. ಅವರ ಪೂರ್ವಜರು ಐಗುಪ್ತದ (ಈಜಿಪ್ಟ್) ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಪಸ್ಕ (ಪಾಸೋವರ್). ಇಷ್ಟು ವರ್ಷ ಆ ಹಬ್ಬದ ರಾತ್ರಿಯ ಊಟವಾದ ಸೇಡರ್‌ಗೆ ಅತ್ತೆಯ ಮನೆಗೆ ಹೋಗುತ್ತಿದ್ದೆವು. ಈಗ ಅವರಿಗೆ ಕೈಲಾಗುವುದಿಲ್ಲ. ಮುಂದಿನ ಸಲ ನಮ್ಮ ಮನೆಯಲ್ಲೇ, ಮಕ್ಕಳೂ ಸೇರಿ ಹತ್ತು ಜನ. ನಾನು ಸಸ್ಯಾಹಾರಿ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಅತ್ತೆಗೆ ಫೋನ್ ಮಾಡಿ. "ನಿಮ್ಮಲ್ಲಿ ಹಬ್ಬಕ್ಕೆ ಅನ್ನ, ಬೇಳೆ ನಡೆಯುತ್ತಾ?" ಅಂತ ಕೇಳಿ. ಅಡುಗೆಯ ಯೋಚನೆ ಆಮೇಲೆ. ಯಾಕೆಂದರೆ ನಿಮ್ಮ ಅರ್ಧ ಅಡುಗೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್. ಈ ಐದು ಧಾನ್ಯಗಳ ಹಿಟ್ಟು ನೀರು ತಾಗಿ ಹುಳಿ ಬಂದರೆ ಅದು ಹಮೇಟ್ಸ್. ಹಬ್ಬದಲ್ಲಿ ಅದು ಯಾರಿಗೂ ಇಲ್ಲ. ಹುಳಿಯಿಲ್ಲದ ರೊಟ್ಟಿ ಮಟ್ಸಾವನ್ನೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸಿರುತ್ತಾರೆ. ಯುರೋಪ್ ಮೂಲದ ಅಶ್ಕೆನಾಝಿ ಮನೆಗಳಲ್ಲಿ ಇಷ್ಟಕ್ಕೇ ನಿಲ್ಲುವುದಿಲ್ಲ. ಅಕ್ಕಿ, ಬೇಳೆಕಾಳು, ಮೆಕ್ಕೆಜೋಳ ಕೂಡ ಬಿಡುತ್ತಾರೆ. ಇವನ್ನು ಕಿಟ್ನಿಯೋಟ್ ಅನ್ನುತ್ತಾರೆ. ಸ್ಪೇನ್ ಮೂಲದ ಸೆಫಾರ್ದಿ ಮನೆಗಳಲ್ಲಿ ಸಾಮಾನ್ಯವಾಗಿ ಅನ್ನಕ್ಕೆ ಅಡ್ಡಿಯಿಲ್ಲ, ನಮ್ಮ ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲಿಗಳಲ್ಲೂ ಇಲ್ಲ. ಅಮೆರಿಕದ ಯಹೂದಿಗಳ ಕನ್ಸರ್ವೇಟಿವ್ ಪಂಥ 2015ರಲ್ಲಿ ಕಿಟ್ನಿಯೋಟ್‌ಗೆ ಒಪ್ಪಿಗೆ ಕೊಟ್ಟಿತು. ಆದರೂ ಎಷ್ಟೋ ಜನ ತಾಯಿಯ ಮನೆಯ ಪದ್ಧತಿಯನ್ನೇ ಹಿಡಿದುಕೊಂಡಿದ್ದಾರೆ.

ನಮಗೆ ಹೊಳೆಯದ ವಿಷಯ ಒಂದಿದೆ. ಕಿಟ್ನಿಯೋಟ್ ಪಟ್ಟಿಯಲ್ಲಿ ಸಾಸಿವೆಯೂ ಇದೆ! ನಾನು ಮೊದಲ ವರ್ಷ ನನ್ನ ಅತ್ತೆಯ ಮನೆಯ ಸೇಡರ್‌ಗೆ ಆಲೂಗಡ್ಡೆ ಪಲ್ಯ ಮಾಡಿಕೊಂಡು ಹೋಗಿದ್ದೆ. ಆಲೂಗಡ್ಡೆಗೆ ಏನು ತೊಂದರೆ ಅಂತ ನನ್ನ ಲೆಕ್ಕ. ಅತ್ತೆ ಪಾತ್ರೆ ತೆರೆದರು, ಒಗ್ಗರಣೆಯ ಕಪ್ಪು ಕಾಳುಗಳನ್ನು ನೋಡಿದರು, ಏನೂ ಅನ್ನದೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಮನೆಗೆ ಬಂದು ಹಿಂಗಿನ ಡಬ್ಬಿ ತಿರುಗಿಸಿ ನೋಡಿದರೆ ಅದರಲ್ಲಿ ಗೋಧಿ ಹಿಟ್ಟು! ಅಂಗಡಿಯ ಪುಡಿ ಹಿಂಗಿಗೆ ಹೆಚ್ಚಾಗಿ ಹಿಟ್ಟು ಬೆರೆಸಿರುತ್ತಾರೆ. ಸಾಸಿವೆ ಕೆಲವರಿಗೆ ನಡೆಯಬಹುದು, ಆ ಹಿಂಗು ಯಾರಿಗೂ ನಡೆಯುವುದಿಲ್ಲ. ಹಾಗಾಗಿ ನಿಮ್ಮ ಮಸಾಲೆ ಡಬ್ಬಿಯನ್ನು ಆ ವಾರ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ. ಇನ್ನೊಂದು ಮಾತು. ಯಹೂದಿ ಪದ್ಧತಿಯಲ್ಲಿ ಮಾಂಸದ ಜೊತೆ ಹಾಲಿನ ಪದಾರ್ಥ ಸೇರಿಸುವುದಿಲ್ಲ, ಹಾಗಾಗಿ ಊಟಕ್ಕೆ ಮಾಂಸ ಇದ್ದರೆ ತುಪ್ಪ, ಮೊಸರು, ಬೆಣ್ಣೆ ಬೇಡ. ಇಡೀ ಊಟ ಸಸ್ಯಾಹಾರ ಆದರೆ ಈ ತಲೆನೋವೇ ಇಲ್ಲ.

ಮನೆ ಕ್ಲೀನಿಂಗ್ ಒಂದು ವಾರ ಮೊದಲೇ ಶುರುವಾಗಲಿ. ಟೋಸ್ಟರ್ ಅಡಿಯ ಬ್ರೆಡ್ ಪುಡಿ, ಕಾರಿನ ಸೀಟಿನ ಸಂದಿಯ ಬಿಸ್ಕತ್ ಚೂರು, ಎಲ್ಲ ಹೋಗಬೇಕು. ಹಬ್ಬದ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಉಳಿದ ಚೂರು ಹುಡುಕುವ ಪದ್ಧತಿಯಿದೆ. ಆ ಕೆಲಸ ಮಕ್ಕಳಿಗೆ ಕೊಡಿ, ಖುಷಿಯಾಗಿ ಮಾಡುತ್ತಾರೆ.

ಇನ್ನು ಸೇಡರ್ ತಟ್ಟೆ. ಸುಟ್ಟ ಕುರಿಯ ಮೂಳೆ, ಸುಟ್ಟ ಮೊಟ್ಟೆ, ಕಹಿಗೆ ಮಾರೋರ್, ಸಿಹಿಗೆ ಹರೋಸೆಟ್, ಒಂದು ಹಸಿ ಸೊಪ್ಪು. ಪಕ್ಕದಲ್ಲಿ ಉಪ್ಪುನೀರು. ಮೂಳೆಯ ಬದಲು ಬೀಟ್‌ರೂಟ್ ಇಡಬಹುದು. ಇದು ಈಗಿನವರು ಹುಟ್ಟುಹಾಕಿದ್ದಲ್ಲ, ಯಹೂದಿಗಳ ಪ್ರಾಚೀನ ಧರ್ಮಗ್ರಂಥ ಟಾಲ್ಮುಡ್‌ನಲ್ಲೇ ಬೀಟ್‌ರೂಟಿನ ಮಾತು ಬರುತ್ತದೆ. ಮಾರೋರ್‌ಗೆ ಹಾರ್ಸ್‌ರ್ಯಾಡಿಶ್ ಗೆಡ್ಡೆ ತುರಿಯುವಾಗ ಕಿಟಕಿ ತೆಗೆದಿಡಿ. ಈರುಳ್ಳಿಗಿಂತ ಜಾಸ್ತಿ ಕಣ್ಣೀರು ಬರಿಸುತ್ತದೆ. ಮಕ್ಕಳಿಗೆ ರೊಮೇನ್ ಲೆಟಿಸ್ ಎಲೆ ಸಾಕು.

ಹರೋಸೆಟ್ ಮಾತ್ರ ಕೈಯಾರೆ ಮಾಡಿ. ನಾಲ್ಕು ಸೇಬು ಸಣ್ಣಗೆ ಹೆಚ್ಚಿ. ಒಂದು ಕಪ್ ಅಕ್ರೋಟು ತರಿತರಿಯಾಗಿ ಕುಟ್ಟಿ. ದಾಲ್ಚಿನ್ನಿ ಪುಡಿ, ನಾಲ್ಕಾರು ಚಮಚ ಸಿಹಿ ವೈನ್ ಹಾಕಿ ಕಲಸಿ ಎರಡು ಗಂಟೆ ಬಿಡಿ. ಕಂದು ಬಣ್ಣಕ್ಕೆ ತಿರುಗಿ ಗಾರೆಯ ಹಾಗೆ ಕಾಣಬೇಕು. ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆಗೆ ಮೆತ್ತಿದ ಗಾರೆಯ ನೆನಪು ಅದು. ಕಹಿ, ಸಿಹಿ ಎರಡನ್ನೂ ಮಟ್ಸಾ ಮಧ್ಯೆ ಇಟ್ಟು ತಿನ್ನುವಾಗ ನಮಗೆ ಬೇವು-ಬೆಲ್ಲ ನೆನಪಾಗುತ್ತದೆ, ಅಲ್ವಾ? ಆದರೆ ಇಲ್ಲಿ ಸಿಹಿಯೊಳಗೂ ದುಡಿಮೆಯ ಕಥೆಯಿದೆ.

ಹೊಸಬರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಸೇಡರ್ ಅಂದರೆ ಕ್ರಮ. ಒಟ್ಟು 15 ಹಂತ. ಊಟ ಬರುವುದು ಹನ್ನೊಂದನೆಯದಾಗಿ! ಕತ್ತಲಾದ ಮೇಲೆ ಶುರು ಮಾಡಿ, ಐಗುಪ್ತದಿಂದ ಹೊರಟು ಬಂದ ಕಥೆ ಓದಿ ಮುಗಿಸುವಾಗ ಒಂದು ಗಂಟೆ ಸುಲಭವಾಗಿ ಕಳೆದಿರುತ್ತದೆ. ಮಕ್ಕಳಿಗೆ ಹಸಿವಾಗುತ್ತದೆ. ಸಂಜೆಯೇ ಅವರಿಗೆ ಸ್ವಲ್ಪ ತಿನ್ನಿಸಿಬಿಡಿ. ಮೂರನೇ ಹಂತದಲ್ಲಿ ಹಸಿ ಸೊಪ್ಪನ್ನು ಉಪ್ಪುನೀರಿಗೆ ಅದ್ದಿ ತಿನ್ನುತ್ತಾರೆ. ಕೆಲವು ಮನೆಗಳಲ್ಲಿ ಆಗ ಬೇಯಿಸಿದ ಆಲೂಗಡ್ಡೆ ಕೊಡುವ ರೂಢಿಯಿದೆ. ಅತ್ತೆ ಒಪ್ಪಿದರೆ ನೀವೂ ಹಾಗೇ ಮಾಡಿ. ತಡವಾದರೂ ಕೆಡದ, ಮತ್ತೆ ಬಿಸಿ ಮಾಡಬಹುದಾದ ಅಡುಗೆಯನ್ನೇ ಇಟ್ಟುಕೊಳ್ಳಿ. ಕಥೆ ನಡೆಯುವಾಗ ನೀವು ಒಲೆಯ ಮುಂದೆ ಇರಬಾರದು, ಮೇಜಿನ ಹತ್ತಿರ ಇರಬೇಕು.

ವೈನ್ ತಲಾ ನಾಲ್ಕು ಲೋಟ. ನೂರು ಮಿಲಿಯ ಚಿಕ್ಕ ಲೋಟ ಇಟ್ಟರೆ ಆರು ಜನ ದೊಡ್ಡವರಿಗೆ 750 ಮಿಲಿಯ ನಾಲ್ಕು ಬಾಟಲಿ ಸಾಕು. ಮಕ್ಕಳಿಗೆ ದ್ರಾಕ್ಷಿ ರಸ. ಎರಡರ ಮೇಲೂ "ಕೋಶರ್ ಫಾರ್ ಪಾಸೋವರ್" (ಪಸ್ಕ ಹಬ್ಬಕ್ಕೆ ನಡೆಯುತ್ತದೆ) ಅಂತ ಬರೆದಿರಬೇಕು.

"ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ?" ಅಂತ ಶುರುವಾಗುವ ಪ್ರಶ್ನೆಗಳನ್ನು ಮನೆಯ ಎಲ್ಲರಿಗಿಂತ ಚಿಕ್ಕವರು ಕೇಳುತ್ತಾರೆ. ಅದು ಯಾರು ಅಂತ ಈಗಲೇ ಗೊತ್ತುಮಾಡಿ, ಒಂದು ತಿಂಗಳು ಕಲಿಸಿ. ಸೇಡರ್‌ನಲ್ಲಿ ಓದುವ ಪುಸ್ತಕಕ್ಕೆ ಹಗ್ಗಡಾ ಅನ್ನುತ್ತಾರೆ. ಒಂದೇ ಮುದ್ರಣದ ಪ್ರತಿಗಳನ್ನು ಎಲ್ಲರಿಗೂ ತರಿಸಿ. ಇಲ್ಲದಿದ್ದರೆ ಪುಟ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಆದರೆ ಅತ್ತೆಗೆ ಮಾತ್ರ ಅವರ ಹಳೇ ಹಗ್ಗಡಾ ತರಲು ಹೇಳಿ. ಫೋನ್ ಮಾಡಿದಾಗಲೇ ಹೇಳಿಬಿಡಿ. ಕಥೆಯಲ್ಲಿ ಐಗುಪ್ತದ ಮೇಲೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬೆರಳು ಅದ್ದಿ ಒಂದೊಂದು ಹನಿ ವೈನ್ ತೆಗೆಯುತ್ತಾರೆ. ಐಗುಪ್ತದವರೂ ನೊಂದರಲ್ಲ, ಅಷ್ಟರ ಮಟ್ಟಿಗೆ ನಮ್ಮ ಸಂತೋಷ ಕಡಿಮೆಯಾಗಲಿ ಅಂತ. ನನ್ನ ಅತ್ತೆಯ ಪುಸ್ತಕದಲ್ಲಿ ಆ ಪುಟದ ತುಂಬ ಕೆಂಪು ಕಲೆಗಳಿವೆ. ಯಾವ ಕಲೆ ಯಾವ ವರ್ಷದ್ದು, ಆಗ ಪಕ್ಕದಲ್ಲಿ ಯಾರು ಕೂತಿದ್ದರು ಅಂತ ಅವರು ಇವತ್ತಿಗೂ ಹೇಳುತ್ತಾರೆ.