ಹೊಸ ಮಷೀನೋ, ಹಳೆಯದರ ಬಿಡಿಭಾಗವೋ?

ಹೊಸ ವಸ್ತುವಿಗೆ ಹೆಸರು ಹುಡುಕುವುದು, ಅದರ ಡಬ್ಬಿಯ ಮೇಲೆ ಏನಿರಬೇಕು ಎಂದು ಹೇಳುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: 'ಕೇಳೋಕೆ ಚೆನ್ನಾಗಿರೋ ಹೆಸರು ಕೊಡಿ ಸಾರ್.' ಆಗೆಲ್ಲ ನಾನು ಜಪಾನಿನ ನಿಂಟೆಂಡೋ ಕಂಪನಿಯ, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಎರಡು ಮಷೀನುಗಳ, ಅಂದರೆ ಗೇಮ್ ಕನ್ಸೋಲ್‌ಗಳ ಕಥೆ ಹೇಳುತ್ತೇನೆ. ಮೊದಲನೆಯದರ ಹೆಸರು ಕೇಳಿ ಜನ ನಕ್ಕಿದ್ದರು. ಅದು ಗೆದ್ದಿತು. ಎರಡನೆಯದು ಆ ಗೆದ್ದ ಹೆಸರನ್ನೇ ಇಟ್ಟುಕೊಂಡು ಬಂತು. ಸೋತಿತು.

ಮೊದಲನೆಯದನ್ನು 2006ರ ಏಪ್ರಿಲ್‌ವರೆಗೆ ಎಲ್ಲರೂ 'ರೆವಲ್ಯೂಷನ್' ಎಂದು ಕರೆಯುತ್ತಿದ್ದರು. ಅದು ಕಂಪನಿಯ ಒಳಗಿನ ಕೋಡ್ ಹೆಸರು. ಒಳ್ಳೆ ಗತ್ತಿನ ಹೆಸರು, ಅಲ್ವಾ? ಆಮೇಲೆ ನಿಜವಾದ ಹೆಸರು ಹೊರಬಿತ್ತು: 'ವೀ'. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಅದು ಮಕ್ಕಳು ಉಚ್ಚೆಗೆ ಹೇಳುವ ಪದ. ಗೇಮ್ ಆಡುವವರು, ಪತ್ರಿಕೆಯವರು ಎಲ್ಲರೂ ಆಡಿಕೊಂಡರು. ನಿಂಟೆಂಡೋ ಮಾತ್ರ ಹಿಂದೆ ಸರಿಯಲಿಲ್ಲ. ಅದು ಕೊಟ್ಟ ವಿವರಣೆ ಸರಳವಾಗಿತ್ತು. 'ನಾವು' ಅನ್ನುವ ಇಂಗ್ಲಿಷ್ ಪದದ ಹಾಗೇ ಕೇಳುತ್ತದೆ. ಯಾವ ದೇಶದವರ ನಾಲಿಗೆಗೂ ಸುಲಭ. ಇಂಗ್ಲಿಷಿನಲ್ಲಿ Wii ಎಂದು ಬರೆದಾಗ ಕೊನೆಯಲ್ಲಿ ಬರುವ ಎರಡು 'ಐ' ಅಕ್ಷರಗಳು ಪಕ್ಕಪಕ್ಕ ನಿಂತ ಇಬ್ಬರು ಮನುಷ್ಯರಂತೆ ಕಾಣುತ್ತವೆ.

ಜಾಹೀರಾತೂ ಅದನ್ನೇ ಹೇಳಿತು. ಇಬ್ಬರು ಜಪಾನೀಯರು ಒಂದು ಪುಟ್ಟ ಕಾರಿನಲ್ಲಿ ಅಮೆರಿಕದ ಮನೆಗಳಿಗೆ ಹೋಗುತ್ತಾರೆ. ಬಾಗಿಲು ತಟ್ಟುತ್ತಾರೆ. ತಲೆಬಾಗಿ, ಕೈಯಲ್ಲಿ ಹಿಡಿದು ಬೀಸಿ ಆಡುವ ಬಿಳಿ ರಿಮೋಟನ್ನು ಮುಂದೆ ಚಾಚಿ, 'ನಾವು ಆಡಬೇಕು' ಅನ್ನುತ್ತಾರೆ. ಆ 'ನಾವು' ಇದ್ದ ಜಾಗದಲ್ಲಿ ಕನ್ಸೋಲ್‌ನ ಹೆಸರು. ಮುಂದಿನ ದೃಶ್ಯದಲ್ಲಿ ಮನೆಮಂದಿಯೆಲ್ಲ ಟಿವಿ ಮುಂದೆ ಎದ್ದು ನಿಂತು ಕೈ ಬೀಸುತ್ತಿದ್ದಾರೆ. ಇದು ಏನು, ಯಾರಿಗೆ, ಹೇಗೆ ಆಡುವುದು ಎಲ್ಲವೂ ಅಲ್ಲಿಗೆ ಗೊತ್ತಾಯಿತು. ಜಪಾನಿನ ಹೊರಗೆ ಹೆಚ್ಚಿನ ಕಡೆ ಟೆನಿಸ್, ಬೌಲಿಂಗ್ ಆಡುವ ಗೇಮ್ ಡಬ್ಬಿಯೊಳಗೇ ಸಿಗುತ್ತಿತ್ತು. ಬೆಲೆ 250 ಡಾಲರ್. ಕೊನೆಗೆ 10 ಕೋಟಿಗೂ ಜಾಸ್ತಿ ವೀ ಮಾರಾಟವಾದವು.

ಈಗ 2011ರ ಜೂನ್‌ಗೆ ಬನ್ನಿ. ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದಲ್ಲಿ ನಿಂಟೆಂಡೋ ತನ್ನ ಮುಂದಿನ ಕನ್ಸೋಲ್ ತೋರಿಸಿತು. ಹೆಸರು 'ವೀ ಯು'. ಯು ಅಂದರೆ ನೀನು. 'ನಾವು' ಜೊತೆಗೆ 'ನೀನು' ಸೇರಿತು ಎಂಬ ಯೋಚನೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಹೊಸ ವಿಷಯ ಅದರ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಸಾಧನ: ನಡುವೆ 6.2 ಇಂಚಿನ ಟಚ್ ಸ್ಕ್ರೀನ್ ಇರುವ ಗೇಮ್‌ಪ್ಯಾಡ್. ಹಾಗಾಗಿ ವೇದಿಕೆಯ ಮೇಲೆ ಮಾತೆಲ್ಲ ಗೇಮ್‌ಪ್ಯಾಡ್ ಬಗ್ಗೆಯೇ ನಡೆಯಿತು. ಟಿವಿ ಪಕ್ಕದಲ್ಲಿ ಇಡುವ ಪೆಟ್ಟಿಗೆಯನ್ನು ಸರಿಯಾಗಿ ತೋರಿಸಲೇ ಇಲ್ಲ. ಹೊಸ ಕನ್ಸೋಲ್‌ನ ಒಂದು ಚಿತ್ರವನ್ನಾದರೂ ಮೊದಲು ತೋರಿಸಿ, ನಂತರ ಕಂಟ್ರೋಲರ್ ಬಗ್ಗೆ ಮಾತಾಡಬೇಕಿತ್ತು ಎಂದು ಆಗಿನ ಅಧ್ಯಕ್ಷ ಸತೋರು ಇವಾಟಾ ಅವರೇ ಆಮೇಲೆ ಒಪ್ಪಿಕೊಂಡರು.

ಇಲ್ಲಿ ಒಂದು ಹಳೆಯ ಲೆಕ್ಕವೂ ಸೇರಿಕೊಂಡಿತು. ಅಷ್ಟು ವರ್ಷ ಅಂಗಡಿಗಳಲ್ಲಿ 'ವೀ' ಹೆಸರು ಹೊತ್ತು ಬಂದ ಹೊಸ ಡಬ್ಬಿಗಳಲ್ಲಿ ಏನಿರುತ್ತಿತ್ತು ನೋಡಿ. ವೀ ವೀಲ್ ಅಂದರೆ ರಿಮೋಟ್ ಸಿಕ್ಕಿಸುವ ಪ್ಲಾಸ್ಟಿಕ್ ಸ್ಟೀರಿಂಗ್. ವೀ ಝ್ಯಾಪರ್ ಅಂದರೆ ಬಂದೂಕಿನ ಹಿಡಿ. ವೀ ಬ್ಯಾಲೆನ್ಸ್ ಬೋರ್ಡ್ ಅಂದರೆ ಮೇಲೆ ನಿಂತು ವ್ಯಾಯಾಮ ಮಾಡುವ ಹಲಗೆ. ವೀ ಮೋಷನ್‌ಪ್ಲಸ್ ಅಂದರೆ ರಿಮೋಟ್ ಬುಡಕ್ಕೆ ಹಾಕುವ ಒಂದು ತುಂಡು. 'ವೀ' ಮುಂದೆ ಇನ್ನೊಂದು ಪದ ಬಂದರೆ ಅದು ಮನೆಯಲ್ಲಿರುವ ವೀಗೆ ಸೇರಿಸುವ ಸಾಮಾನು. ಇದನ್ನು ಗಿರಾಕಿಗೆ ಕಲಿಸಿದ್ದು ಕಂಪನಿಯೇ. ಗಿರಾಕಿ ಪಾಠವನ್ನು ಚೆನ್ನಾಗಿಯೇ ಕಲಿತಿದ್ದ. ಹಾಗಾಗಿ 'ವೀ ಯು' ಎಂದು ಓದಿ, ಡಬ್ಬಿಯ ಮೇಲೆ ದೊಡ್ಡದಾಗಿ ಗೇಮ್‌ಪ್ಯಾಡ್ ನೋಡಿದವನು ಏನು ಅಂದುಕೊಳ್ಳಬೇಕು?

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಪೀಣ್ಯದ ಒಂದು ಸಣ್ಣ ಮಿಕ್ಸಿ ಕಂಪನಿಗೆ ಒಮ್ಮೆ ಕೆಲಸ ಮಾಡಿದ್ದೆ. ಅವರ ಹಳೆಯ ಮಾಡೆಲ್ ಹಳ್ಳಿ ಪೇಟೆಯಲ್ಲೆಲ್ಲ ಹೆಸರು ಮಾಡಿತ್ತು. ಹೊಸದರಲ್ಲಿ ಮೋಟರ್ ಬೇರೆ, ಬಾಡಿ ಬೇರೆ, ಜೊತೆಗೆ ದೊಡ್ಡ ಜ್ಯೂಸ್ ಜಾರ್. ಇರುವ ಒಳ್ಳೆ ಹೆಸರನ್ನು ಯಾಕೆ ಬಿಡಬೇಕು ಅಂತ ಅದರ ಮುಂದೆ 'ಪ್ಲಸ್' ಸೇರಿಸಿದೆವು. ಹೇಳಿದ್ದು ನಾನೇ. ಡಬ್ಬಿಯ ಮೇಲೆ ಫೋಟೋ ಜಾರ್‌ದು, ಯಾಕೆಂದರೆ ಹೊಸದಾಗಿ ಕಾಣುತ್ತಿದ್ದದ್ದು ಅದೇ.

ಎರಡು ತಿಂಗಳಾದ ಮೇಲೆ ತುಮಕೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆ. ಒಬ್ಬ ತಾಯಿ ಬಂದು ಡಬ್ಬಿ ಎತ್ತಿ ನೋಡಿದರು. 'ಅಣ್ಣಾ, ಈ ಜಾರು ನಮ್ಮನೆ ಮಿಕ್ಸಿಗೆ ಕೂರುತ್ತಾ?' ಅಂಗಡಿಯವರು, 'ಜಾರಲ್ಲಮ್ಮ, ಇದು ಪೂರ್ತಿ ಮಿಕ್ಸಿ' ಅಂದರು. ಆಕೆ ಬೆಲೆ ನೋಡಿ, 'ನಮ್ಮತ್ರ ಮಿಕ್ಸಿ ಇದೆಯಲ್ಲ' ಎಂದು ಕೆಳಗಿಟ್ಟು ಹೋದರು. ಅದಾದ ಮೇಲೆ ಇನ್ನೂ ಇಬ್ಬರು ಅದೇ ಪ್ರಶ್ನೆ ಕೇಳಿದರು. ಅಂಗಡಿಯವರಿಗೆ ಅಷ್ಟರಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಡಬ್ಬಿಯನ್ನು ಹಿಂದಿನ ಸಾಲಿಗೆ ಸರಿಸಿದರು. ಆ ಸರಿಸುವುದನ್ನು ಕಣ್ಣಾರೆ ನೋಡಿದಾಗ ನನಗೆ ವೀ ಯು ಪೂರ್ತಿ ಅರ್ಥವಾಯಿತು.

ಗೇಮ್ ಕನ್ಸೋಲ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಆಡುವವರು ಮಕ್ಕಳು, ದುಡ್ಡು ಕೊಡುವವರು ಅಪ್ಪ ಅಮ್ಮ, ಅಜ್ಜಿ ತಾತ. ವೀ ಯು ಅಮೆರಿಕದ ಅಂಗಡಿಗೆ ಬಂದದ್ದು 2012ರ ನವೆಂಬರ್ 18ರಂದು, ಕ್ರಿಸ್‌ಮಸ್ ಉಡುಗೊರೆ ಕೊಳ್ಳುವ ಕಾಲಕ್ಕೆ ಸರಿಯಾಗಿ. ಬೆಲೆ 300 ಡಾಲರ್, ದೊಡ್ಡ ಪ್ಯಾಕ್ 350. ಮನೆಯಲ್ಲಿ ವೀ ಇರುವವರಿಗೆ ಇಷ್ಟು ದುಬಾರಿ 'ಬಿಡಿಭಾಗ' ಯಾಕೆ? ವೀ ಹೆಸರೇ ಕೇಳದ ಹುಡುಗರಿಗಂತೂ ಈ ಹೆಸರು ಏನನ್ನೂ ಹೇಳುವುದಿಲ್ಲ. ಹಬ್ಬ ಮುಗಿದ ಮೇಲೆ ಮಾರಾಟ ಕುಸಿಯಿತು. 2013ರ ಏಪ್ರಿಲ್‌ನಿಂದ ಜೂನ್‌ವರೆಗೆ ಇಡೀ ಜಗತ್ತಿನಲ್ಲಿ ಹೋದದ್ದು ಸುಮಾರು 1.6 ಲಕ್ಷ ಮಾತ್ರ. ಕೆಲವರು ಇದನ್ನು ಬರೀ ಪ್ಯಾಡ್ ಸೇರಿಸಿದ ವೀ ಅಂದುಕೊಂಡಿದ್ದಾರೆ, ಇನ್ನು ಕೆಲವರು ಗೇಮ್‌ಪ್ಯಾಡನ್ನು ಹಳೆಯ ವೀಗೆ ಜೋಡಿಸುವ ಸಾಮಾನು ಅಂದುಕೊಂಡಿದ್ದಾರೆ ಎಂದು ಇವಾಟಾ ಅವರು ಹೂಡಿಕೆದಾರರಿಗೆ ವಿವರಿಸಬೇಕಾಯಿತು. 2014ರ ಜನವರಿಯಲ್ಲಿ ಆ ವರ್ಷದ ಮಾರಾಟದ ಅಂದಾಜನ್ನು 90 ಲಕ್ಷದಿಂದ 28 ಲಕ್ಷಕ್ಕೆ ಇಳಿಸಿದರು. ಇವಾಟಾ ಅವರು ತಮ್ಮ ಸಂಬಳವನ್ನು ಕೆಲವು ತಿಂಗಳ ಮಟ್ಟಿಗೆ ಅರ್ಧ ಕಡಿತ ಮಾಡಿಕೊಂಡರು. ಕೊನೆಗೆ ಮಾರಾಟವಾದದ್ದು ಒಟ್ಟು ಸುಮಾರು 1.36 ಕೋಟಿ.

'ಬರೀ ಹೆಸರಿಂದಲೇ ಸೋತಿತಾ?' ಎಂದು ಕೇಳುತ್ತಾರೆ. ಇಲ್ಲ. ಹೊಸ ಗೇಮ್‌ಗಳು ಬರುವುದು ತಡವಾಯಿತು, ಹೊರಗಿನ ಗೇಮ್ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು, 2013ರ ಕೊನೆಗೆ ಎದುರಾಳಿಗಳಾದ ಸೋನಿಯ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಬಂದವು. ಆದರೆ ಗೇಮ್‌ಗಳೇ ಚೆನ್ನಾಗಿರಲಿಲ್ಲ ಅನ್ನುವವರಿಗೆ ನಾನು ಮಾರಿಯೋ ಕಾರ್ಟ್ 8 ಎಂಬ ರೇಸ್ ಗೇಮ್ ತೋರಿಸುತ್ತೇನೆ. 2014ರಲ್ಲಿ ಅದು ವೀ ಯುಗೆ ಬಂತು. ಸುಮಾರು 84 ಲಕ್ಷ ಪ್ರತಿ ಮಾರಾಟವಾದವು. ಅಂದರೆ ಕನ್ಸೋಲ್ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯಷ್ಟು. 2017ರಲ್ಲಿ ಅದೇ ಗೇಮ್‌ಗೆ ಒಂದಿಷ್ಟು ಸೇರಿಸಿ ನಿಂಟೆಂಡೋ ತನ್ನ ಮುಂದಿನ ಮಷೀನಾದ ಸ್ವಿಚ್ ಕನ್ಸೋಲ್‌ಗೆ ತಂದರು. ಅಲ್ಲಿ 6 ಕೋಟಿ ದಾಟಿತು. ಊಟ ಅದೇ. ಮೊದಲ ಸಲ ಜನ ಹೋಟೆಲ್ ಒಳಗೇ ಬಂದಿರಲಿಲ್ಲ.

ಸ್ವಿಚ್‌ನ ಮೊದಲ ವಿಡಿಯೋ 2016ರ ಅಕ್ಟೋಬರ್ 20ರಂದು ಬಂತು. ಅದನ್ನು ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆಲ್ಲ ತೋರಿಸುತ್ತೇನೆ. ಮೂರು ನಿಮಿಷಕ್ಕೂ ಜಾಸ್ತಿ ಇದೆ, ವಿವರಿಸುವ ದನಿ ಒಂದೂ ಇಲ್ಲ. ಒಬ್ಬ ಯುವಕ ಮನೆಯಲ್ಲಿ ಟಿವಿ ಮುಂದೆ ಕೂತು ಆಡುತ್ತಿದ್ದಾನೆ. ನಾಯಿಯನ್ನು ಹೊರಗೆ ಕರೆದೊಯ್ಯಬೇಕು. ಕಂಟ್ರೋಲರ್‌ನ ಎರಡು ಪಕ್ಕಗಳನ್ನು ಬಿಡಿಸಿ ಸ್ಕ್ರೀನ್‌ಗೆ ಜಾರಿಸುತ್ತಾನೆ, ಅದನ್ನು ಡಾಕ್‌ನಿಂದ (ಟಿವಿಗೆ ಜೋಡಿಸಿದ ಸ್ಟ್ಯಾಂಡು) ಎತ್ತಿಕೊಂಡು ಪಾರ್ಕಿಗೆ ಹೋಗಿ ಅಲ್ಲೇ ಆಟ ಮುಂದುವರಿಸುತ್ತಾನೆ. ಹೆಸರಿನ ಜೊತೆ 'ಕ್ಲಿಕ್' ಎಂಬ ಸದ್ದು. ಹೆಸರೂ ಅದನ್ನೇ ಹೇಳುತ್ತದೆ, ಕೈಯೂ ಅದನ್ನೇ ಮಾಡುತ್ತದೆ, ಕಿವಿಗೂ ಅದೇ ಕೇಳುತ್ತದೆ. 'ವೀ' ಅನ್ನುವ ಪದ ಎಲ್ಲೂ ಇಲ್ಲ. ಸ್ವಿಚ್ 15 ಕೋಟಿ ದಾಟಿದೆ.

ಎಕ್ಸ್‌ಬಾಕ್ಸ್‌ನವರ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಮೊದಲನೆಯದು ಎಕ್ಸ್‌ಬಾಕ್ಸ್, ಎರಡನೆಯದು 360, ಮೂರನೆಯದು ಒನ್. ಆಮೇಲೆ ಒನ್ ಎಸ್, ಒನ್ ಎಕ್ಸ್. 2020ರಲ್ಲಿ ಸೀರೀಸ್ ಎಸ್, ಸೀರೀಸ್ ಎಕ್ಸ್. ಮೊಮ್ಮಗನಿಗೆ ಕೊಳ್ಳಲು ಬಂದ ತಾತ ಇದರಲ್ಲಿ ಯಾವುದು ಹೊಸದು ಎಂದು ಹೇಗೆ ಹೇಳಬೇಕು? ಸೋನಿ ತನ್ನ ಪ್ಲೇಸ್ಟೇಷನ್ ಅನ್ನು 1ರಿಂದ 5ರವರೆಗೆ ಎಣಿಸಿತು, ಅಷ್ಟೇ.

ಇದೇ ನಿಂಟೆಂಡೋ ಇದಕ್ಕೂ ಮೊದಲು ಹೆಸರಿನಿಂದಲೇ ಒಂದು ಮುಚ್ಚಿದ ಬಾಗಿಲು ತೆಗೆಸಿತ್ತು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ಕುಸಿದ ನಂತರ ಅಲ್ಲಿನ ಅಂಗಡಿಯವರು 'ವಿಡಿಯೋ ಗೇಮ್' ಎಂದರೆ ಮುಖ ತಿರುಗಿಸುತ್ತಿದ್ದರು. ಜಪಾನಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಆಗಿದ್ದ ಮಷೀನು 1985ರಲ್ಲಿ ನ್ಯೂಯಾರ್ಕಿಗೆ 'ಎಂಟರ್‌ಟೈನ್‌ಮೆಂಟ್ ಸಿಸ್ಟಮ್' ಆಗಿ ಬಂತು. ಕ್ಯಾಸೆಟ್‌ಗೆ 'ಗೇಮ್ ಪ್ಯಾಕ್' ಎಂಬ ಹೆಸರು, ಪೆಟ್ಟಿಗೆಗೆ 'ಕಂಟ್ರೋಲ್ ಡೆಕ್', ಜೊತೆಗೊಂದು ಪುಟ್ಟ ರೋಬೋ. ಅಲ್ಲಿ ಹೆಸರಿಟ್ಟದ್ದು ಅಂಗಡಿಯವನಿಗಾಗಿ. ಆ ಮಷೀನಿನ ನಕಲುಗಳು ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೂ ಬಂದವು. ನಾವು ಅದನ್ನು ಸುಮ್ನೆ ವಿಡಿಯೋ ಗೇಮ್ ಅಂದೆವು, ನಮಗೆ ಆ ಪದದ ಮೇಲೆ ಸಿಟ್ಟಿರಲಿಲ್ಲ.

ಗೆದ್ದ ಹೆಸರನ್ನು ಮುಂದುವರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. 2025ರ ಜೂನ್ 5ರಂದು ಬಂದದ್ದು ಸ್ವಿಚ್ 2. ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾದವು. ಹೊರನೋಟಕ್ಕೆ ಅದು ಹಳೆಯ ಸ್ವಿಚ್‌ನ ಹಾಗೇ ಇದೆ, ಹಳೆಯ ಗೇಮ್‌ಗಳಲ್ಲಿ ಬಹುಪಾಲು ಅದರಲ್ಲೂ ನಡೆಯುತ್ತವೆ. ಆದರೆ ಹೆಸರಿನ ಪಕ್ಕದಲ್ಲಿ 2 ಇದೆ. ಇದು ಮುಂದಿನ ಮಷೀನು ಎಂದು ಓದು ಬರಹ ಕಡಿಮೆ ಇದ್ದವರಿಗೂ ತಿಳಿಯುತ್ತದೆ.

ತುಮಕೂರಿನಿಂದ ಬಂದ ವಾರವೇ ಮಿಕ್ಸಿ ಕಂಪನಿಯವರ ಜೊತೆ ಕೂತೆ. ಆಗಲೇ ಅಚ್ಚಾಗಿದ್ದ ಡಬ್ಬಿಗಳ ನಷ್ಟ ಅವರಿಗೆ ಚಿಕ್ಕದೇನಲ್ಲ, ಆದರೂ ಒಪ್ಪಿದರು. 'ಪ್ಲಸ್' ತೆಗೆದೆವು, ಬೇರೆಯೇ ಹೆಸರು ಇಟ್ಟೆವು, ಡಬ್ಬಿಯ ಮೇಲೆ ಮೋಟರ್ ಸಮೇತ ಇಡೀ ಮಿಕ್ಸಿಯ ಫೋಟೋ ಹಾಕಿದೆವು. ಮುಂದಿನ ಲೋಡ್ ಹೋದ ಮೇಲೆ ಅದೇ ಅಂಗಡಿಯವರಿಗೆ ಫೋನ್ ಮಾಡಿ, ಈಗ ಜನ ಏನು ಕೇಳುತ್ತಾರೆ ಎಂದೆ. 'ಎಷ್ಟು ವರ್ಷ ಗ್ಯಾರಂಟಿ ಅಂತ ಕೇಳ್ತಾರೆ ಸಾರ್' ಅಂದರು. ಡಬ್ಬಿ ಮುಂದಿನ ಸಾಲಿಗೆ ವಾಪಸ್ ಬಂದಿತ್ತು.