ಸೆಕೆಂಡಿಗೆ 2 ಮೀಟರ್: ಓಟದ ದಾಖಲೆಗೆ ಗಾಳಿಯ ಲೆಕ್ಕ ಬಂದದ್ದು ಹೇಗೆ

1886ರ ಜುಲೈನಲ್ಲಿ ಲಂಡನ್ನಿನ ಸ್ಟಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ ಆರ್ಥರ್ ವಾರ್ಟನ್ 100 ಗಜವನ್ನು 10 ಸೆಕೆಂಡಿನಲ್ಲಿ ಓಡಿದರು. ಗಾಳಿಯ ವೇಗ ಅಳೆದು ಫಲಿತಾಂಶದ ಪಕ್ಕ ಬರೆಯುವ ಪದ್ಧತಿ ಆಗಿನ್ನೂ ಇರಲಿಲ್ಲ. ಹವ್ಯಾಸಿ ಅಥ್ಲೆಟಿಕ್ಸ್‌ನಲ್ಲಿ ಯಾರು ಗೆದ್ದರು ಎನ್ನುವುದೇ ಮುಖ್ಯವಾಗಿತ್ತು. ಸಾಲಾಗಿ ನಿಂತವರಿಗೆಲ್ಲ ಒಂದೇ ಗಾಳಿ ಬೀಸುವಾಗ ತಕರಾರು ಎಲ್ಲಿಂದ ಬರಬೇಕು?

ಗಡಿಯಾರವೂ ಗಾಳಿಯನ್ನು ಮರೆಮಾಚುತ್ತಿತ್ತು. ಅಂದಿನ ಸ್ಟಾಪ್‌ವಾಚ್ ತೋರಿಸುತ್ತಿದ್ದುದು ಸೆಕೆಂಡಿನ ಐದನೇ ಒಂದು ಭಾಗವನ್ನು, ಅಂದರೆ 0.2 ಸೆಕೆಂಡ್. ಸೆಕೆಂಡಿಗೆ 2 ಮೀಟರ್ ಹಿಂಗಾಳಿ 100 ಮೀಟರ್ ಓಟಗಾರನಿಗೆ ಉಳಿಸಿಕೊಡುವುದು ಸುಮಾರು 0.1 ಸೆಕೆಂಡ್. ಮುಳ್ಳಿನ ಎರಡು ಗೆರೆಗಳ ನಡುವೆಯೇ ಅದು ಅಡಗಿಬಿಡುತ್ತಿತ್ತು.

ಅಂದಿನವರ ನಿಜವಾದ ತಲೆನೋವು ಮಳೆ. ಟ್ರ್ಯಾಕ್‌ಗೆ ಹಾಸುತ್ತಿದ್ದುದು ಸುಟ್ಟ ಕಲ್ಲಿದ್ದಲಿನ ಕಿಟ್ಟ. ಅದು ನೆನೆದರೆ ಮೊಳೆ ಬೂಟಿಗೆ ಮೆತ್ತಿಕೊಳ್ಳುತ್ತದೆ. ಸ್ಟಾರ್ಟಿಂಗ್ ಬ್ಲಾಕ್‌ಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಓಟಗಾರರು ಸಣ್ಣ ಕರಣೆಯಿಂದ ಎರಡು ಗುಳಿ ತೋಡಿ, ಹಿಂಬದಿಯ ಗೋಡೆಯನ್ನು ನೆಟ್ಟಗೆ ಕಡಿದು, ಅದಕ್ಕೆ ಪಾದ ಒತ್ತಿ ಚಿಮ್ಮುತ್ತಿದ್ದರು. ಒದ್ದೆ ನೆಲದಲ್ಲಿ ಆ ಗೋಡೆ ಕುಸಿದರೆ ಮೊದಲ ಹೆಜ್ಜೆಯಲ್ಲೇ ಕಾಲು ಜಾರುತ್ತಿತ್ತು.

1914ರಲ್ಲಿ ವಿಶ್ವದಾಖಲೆಗಳ ಅಧಿಕೃತ ಪಟ್ಟಿ ಬಂದ ಮೇಲೆ ಮಾತೇ ಬದಲಾಯಿತು. ಬೇರೆ ಬೇರೆ ಊರಿನ, ಬೇರೆ ಬೇರೆ ದಿನದ ಓಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಾಯಿತು. ಗಡಿಯಾರವೂ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಹಿಂಗಾಳಿಯ ಸಹಾಯ ಈಗ ಅಂಕಿಯಲ್ಲೇ ಕಾಣತೊಡಗಿತು. ಹಿಂಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಇಲ್ಲ ಎಂಬ ಮಿತಿ 1936ರಲ್ಲಿ ಜಾರಿಗೆ ಬಂತು. ಅದೇ ವರ್ಷ ಬರ್ಲಿನ್ ಒಲಿಂಪಿಕ್ಸ್‌ನ 100 ಮೀಟರ್ ಕ್ವಾರ್ಟರ್ ಫೈನಲ್‌ನಲ್ಲಿ ಜೆಸ್ಸಿ ಓವೆನ್ಸ್ ಓಡಿದ 10.2 ಸೆಕೆಂಡ್ ಹಿಂಗಾಳಿಯಿಂದಾಗಿ ದಾಖಲೆಗೆ ಸೇರಲಿಲ್ಲ. ಫೈನಲ್‌ನಲ್ಲೂ ಗಾಳಿ 2.7 ಇತ್ತು, ಆದರೆ ಚಿನ್ನಕ್ಕೆ ಕುಂದಾಗಲಿಲ್ಲ. ಗಾಳಿ ಹೆಚ್ಚಾದರೆ ಹೋಗುವುದು ದಾಖಲೆ, ಗೆಲುವಲ್ಲ.

ಎದುರುಗಾಳಿ ಕಸಿಯುವಷ್ಟನ್ನು ಹಿಂಗಾಳಿ ಕೊಡುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 10 ಮೀಟರ್ ಓಡುವವನಿಗೆ ನಿಶ್ಚಲ ಗಾಳಿಯಲ್ಲಿ ತಡೆ 100 ಎಂದಿಟ್ಟುಕೊಳ್ಳಿ. 2 ಮೀಟರ್ ಹಿಂಗಾಳಿಯಲ್ಲಿ ಅದು 64, ಅಷ್ಟೇ ಎದುರುಗಾಳಿಯಲ್ಲಿ 144.

ಅಳತೆಯ ಕ್ರಮ ಬಿಗಿಯಾಗಿದೆ. ಗಾಳಿಯ ವೇಗ ಅಳೆಯುವ ವಿಂಡ್ ಗೇಜ್ ಮೊದಲನೇ ಲೇನ್ ಪಕ್ಕದಲ್ಲಿ, ಟ್ರ್ಯಾಕ್‌ನಿಂದ ಹೆಚ್ಚೆಂದರೆ 2 ಮೀಟರ್ ದೂರದಲ್ಲಿ, ಗುರಿಗೆರೆಯಿಂದ 50 ಮೀಟರ್ ಹಿಂದೆ, 1.22 ಮೀಟರ್ ಎತ್ತರದಲ್ಲಿರಬೇಕು. 100 ಮೀಟರ್ ಓಟಕ್ಕೆ ಪಿಸ್ತೂಲು ಹಾರಿದ ಕ್ಷಣದಿಂದ 10 ಸೆಕೆಂಡ್, 110 ಮೀಟರ್ ಹರ್ಡಲ್ಸ್‌ಗೆ 13 ಸೆಕೆಂಡ್ ಸರಾಸರಿ. ಟ್ರ್ಯಾಕ್‌ನ ನೇರಕ್ಕೆ ಬೀಸುವ ಪಾಲನ್ನಷ್ಟೇ ಎಣಿಸುತ್ತಾರೆ. 2.01 ಬಂದರೂ ಮೇಲಕ್ಕೇರಿಸಿ 2.1 ಎಂದು ಬರೆಯಬೇಕು, ದಾಖಲೆ ಹೋಯಿತು. ಇಷ್ಟಾದರೂ ಒಂದೇ ಜಾಗದ ಒಂದು ಉಪಕರಣ ಎಂಟನೇ ಲೇನ್‌ನ ಗಾಳಿಯನ್ನು ಹೇಳಲಾರದು.

200 ಮೀಟರ್‌ವರೆಗಿನ ಓಟ, ಉದ್ದ ಜಿಗಿತ, ತ್ರಿವಿಧ ಜಿಗಿತ ಬಿಟ್ಟರೆ ಉಳಿದವಕ್ಕೆ ಈ ಮಿತಿಯಿಲ್ಲ. ಡಿಸ್ಕಸ್‌ಗಂತೂ ಎದುರುಗಾಳಿಯೇ ಅನುಕೂಲ, ತಟ್ಟೆಯನ್ನು ಅದು ಎತ್ತಿ ಹಿಡಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಮಿಕೋಲಾಸ್ ಅಲೆಕ್ನಾ 75.56 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ್ದು ಓಕ್ಲಹೋಮಾದ ರಮೋನಾದಲ್ಲಿ. ಜೋರು ಗಾಳಿಗೆಂದೇ ಎಸೆತಗಾರರು ಹುಡುಕಿಕೊಂಡು ಹೋಗುವ ಬಯಲು ಅದು. ಮಿತಿ ಹೇರದಿದ್ದರೂ ಡಿಸ್ಕಸ್ ಎಸೆತದ ಪಕ್ಕದಲ್ಲಿ ಗಾಳಿಯ ದಿಕ್ಕು, ವೇಗ ಎರಡನ್ನೂ ಬರೆದಿಡುವುದು ಕಡ್ಡಾಯವಾಗಬೇಕು.