ಕಾಣುವ ಅಂಕಿಯೇ ಬೇರೆ, ಇರುವ ಸಂಖ್ಯೆಯೇ ಬೇರೆ

1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಹಳೆಯ ಹವಾಮಾನ ಲೆಕ್ಕವೊಂದನ್ನು ಕಂಪ್ಯೂಟರಿನಲ್ಲಿ ನಡುವಿನಿಂದ ಮತ್ತೆ ಓಡಿಸಿದರು. ಕಂಪ್ಯೂಟರ್ ಮುದ್ರಿಸಿಕೊಟ್ಟಿದ್ದ ಕಾಗದ ನೋಡಿ 0.506 ಎಂದು ಟೈಪ್ ಮಾಡಿದರು. ಮೊದಮೊದಲು ಎರಡೂ ಲೆಕ್ಕ ಜೊತೆಜೊತೆಗೇ ಸಾಗಿದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಯಂತ್ರ ಕೆಟ್ಟಿರಲಿಲ್ಲ. ಮೆಮೊರಿಯಲ್ಲಿದ್ದದ್ದು 0.506127. ಕಾಗದಕ್ಕೆ ಬಂದದ್ದು ಮೂರೇ ಅಂಕಿ. ಆರಂಭದ ಸಣ್ಣ ವ್ಯತ್ಯಾಸ ಕೊನೆಗೆ ಭಾರಿ ಬದಲಾವಣೆ ತರುವ ‘ಚಿಟ್ಟೆ ಪರಿಣಾಮ’ದ ಕಥೆ ಎಂದೇ ಎಲ್ಲರೂ ಇದನ್ನು ಹೇಳುತ್ತಾರೆ. ನನಗಂತೂ ಇದು ಸಂಖ್ಯೆಗಳನ್ನು ಮುದ್ರಿಸುವ ರೀತಿಯ ಕಥೆಯೂ ಹೌದು.

ಐಬಿಎಂ ಕಂಪನಿ 1957ರಲ್ಲಿ ಹೊರತಂದ ಪ್ರೋಗ್ರಾಂ ಬರೆಯುವ ಭಾಷೆ ಫೋರ್ಟ್ರಾನ್‌ನಲ್ಲಿ ಸಂಖ್ಯೆ ಹೇಗೆ ಕಾಣಬೇಕೆಂದು ಬರೆಯುವವರೇ ಹೇಳಬೇಕಿತ್ತು. ‘ಎಫ್10.4’ ಎಂದರೆ ಒಟ್ಟು ಹತ್ತು ಸ್ಥಾನ, ಬಿಂದುವಿನ ನಂತರ ನಾಲ್ಕು ಅಂಕಿ. ಆ ಜಾಗದಲ್ಲಿ ಹಿಡಿಸದ ಸಂಖ್ಯೆಗೆ ಇಂದಿನ ಫೋರ್ಟ್ರಾನ್ ಬರೀ ನಕ್ಷತ್ರ ಚಿಹ್ನೆಗಳನ್ನು ತೋರಿಸುತ್ತದೆ. ತಪ್ಪು ಅಂಕಿ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮುಂದೆ ಬಂದ ತಂತ್ರಾಂಶಗಳು ಈ ತೀರ್ಮಾನವನ್ನು ತಾವೇ ಮಾಡತೊಡಗಿದವು. ಲೆಕ್ಕದ ತಂತ್ರಾಂಶ ಮ್ಯಾಟ್‌ಲ್ಯಾಬ್‌ನಲ್ಲಿ ಪೈ ಕೇಳಿದರೆ 3.1416 ಬರುತ್ತದೆ. ‘ಫಾರ್ಮ್ಯಾಟ್ ಲಾಂಗ್’ ಎಂದ ಮೇಲೆ ಅದೇ ಪೈ 3.141592653589793 ಆಗುತ್ತದೆ. ಬದಲಾದದ್ದು ನೋಟ ಮಾತ್ರ, ಒಳಗಿನ ಸಂಖ್ಯೆ ಇದ್ದಂತೆಯೇ ಇದೆ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಭಾಷೆ ಸಾಮಾನ್ಯವಾಗಿ ಏಳು ಸಾರ್ಥಕ ಅಂಕಿ (ಮುಂದಿನ ಸೊನ್ನೆಗಳನ್ನು ಬಿಟ್ಟು ಎಣಿಸುವ ಅಂಕಿ) ತೋರಿಸಿದರೆ, ಗಣಿತದ ತಂತ್ರಾಂಶ ಮ್ಯಾಥಮ್ಯಾಟಿಕಾ ಆರು ತೋರಿಸುತ್ತದೆ.

ನೋಟವನ್ನೇ ಸತ್ಯವೆಂದುಕೊಂಡರೆ ಏನಾಗುತ್ತದೆ? 1992ರ ಏಪ್ರಿಲ್‌ನಲ್ಲಿ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಚುನಾವಣೆಯಲ್ಲಿ ಗ್ರೀನ್ ಪಕ್ಷಕ್ಕೆ ಸಿಕ್ಕಿದ್ದು ಶೇ 4.97 ಮತ. ಶಾಸನಸಭೆ ಪ್ರವೇಶಿಸಲು ಶೇ 5 ಬೇಕು. ಬಿಂದುವಿನ ನಂತರ ಒಂದೇ ಅಂಕಿ ಮುದ್ರಿಸುತ್ತಿದ್ದ ಪ್ರೋಗ್ರಾಂ 5.0 ಎಂದು ತೋರಿಸಿತು. ಫಲಿತಾಂಶ ಪ್ರಕಟವಾದ ಮೇಲೆ ತಪ್ಪು ಗೊತ್ತಾಗಿ, ಪಕ್ಷಕ್ಕೆ ಸ್ಥಾನವಿಲ್ಲದಾಯಿತು.

ಹಾಗೆಂದು ಇರುವುದನ್ನೆಲ್ಲ ತೋರಿಸಿದರೂ ಗೊಂದಲ ತಪ್ಪದು. ಇಂದಿನ ಕಂಪ್ಯೂಟರುಗಳು ಪಾಲಿಸುವ, 1985ರಲ್ಲಿ ಬಂದ ಐಇಇಇ 754 ಮಾನದಂಡದಲ್ಲಿ ಸಾಮಾನ್ಯ ದಶಮಾಂಶ ಲೆಕ್ಕಕ್ಕೆ 53 ಬಿಟ್‌ಗಳ ನಿಖರತೆ ಇದೆ. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕಿ. ಅದೂ ದ್ವಿಮಾನದಲ್ಲಿ, ಅಂದರೆ ಈ ಎರಡೇ ಅಂಕಿಗಳಿರುವ ಪದ್ಧತಿಯಲ್ಲಿ. ಅಲ್ಲಿ 0.1 ಸರಿಯಾಗಿ ಕೂರುವುದೇ ಇಲ್ಲ, ಅದಕ್ಕೆ ತೀರಾ ಹತ್ತಿರದ ಇನ್ನೊಂದು ಸಂಖ್ಯೆ ಕೂರುತ್ತದೆ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಹಳೆಯ ಆವೃತ್ತಿಗಳಲ್ಲಿ 0.1 ಎಂದು ಕೊಟ್ಟರೆ 0.10000000000000001 ಎಂಬ ಉತ್ತರ ಬರುತ್ತಿದ್ದದ್ದು ಇದಕ್ಕೇ. ಇದಕ್ಕೊಂದು ಸೊಗಸಾದ ಪರಿಹಾರವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಗೈ ಸ್ಟೀಲ್ ಮತ್ತು ಜಾನ್ ವೈಟ್ 1990ರಲ್ಲಿ ಪ್ರಕಟಿಸಿದರು: ಮತ್ತೆ ಓದಿಸಿದಾಗ ಅದೇ ಸಂಖ್ಯೆ ಸಿಗಬೇಕು, ಅದಕ್ಕೆ ಬೇಕಾದಷ್ಟೇ ಅಂಕಿ ಬರೆಯಬೇಕು, ಒಂದೂ ಹೆಚ್ಚಿರಬಾರದು. ಪೈಥಾನ್ ಈ ದಾರಿಗೆ ಬಂದದ್ದು 2009ರಲ್ಲಿ, 3.1ನೇ ಆವೃತ್ತಿಯೊಂದಿಗೆ. ಅಲ್ಲಿ 0.1 ಈಗ 0.1 ಆಗಿಯೇ ಕಾಣುತ್ತದೆ. 0.1ಕ್ಕೆ 0.2 ಕೂಡಿಸಿದರೆ ಮಾತ್ರ ಇಂದಿಗೂ 0.30000000000000004. ಅದನ್ನು ಮುಚ್ಚಿಡದಿರುವುದೇ ಸರಿ, ಏಕೆಂದರೆ ಆ ಮೊತ್ತ 0.3ಕ್ಕೆ ನಿಲ್ಲುವ ಸಂಖ್ಯೆಗಿಂತ ನಿಜವಾಗಿಯೂ ಬೇರೆ.

ಫೈಲಿಗೆ ಬರೆಯುವಾಗಲಂತೂ ಹೆಚ್ಚು ಎಚ್ಚರ ಬೇಕು. ಮ್ಯಾಟ್‌ಲ್ಯಾಬ್‌ನ ಫೈಲಿಗೆ ಬರೆಯುವ ಹಳೆಯ ಆದೇಶ ‘ಸಿಎಸ್‌ವಿರೈಟ್’ ಐದು ಸಾರ್ಥಕ ಅಂಕಿಗಳನ್ನಷ್ಟೇ ಬರೆದು ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. 2019ರಲ್ಲಿ ಬಂದ ‘ರೈಟ್‌ಮ್ಯಾಟ್ರಿಕ್ಸ್’ 15 ಅಂಕಿಗಳವರೆಗೆ ಬರೆಯುತ್ತದೆ. ಯಾವುದೇ ಸಂಖ್ಯೆ ಒಂದು ಬಿಟ್ ಕೂಡ ತಪ್ಪದೆ ವಾಪಸ್ ಬರಬೇಕಾದರೆ 17 ಅಂಕಿ ಬೇಕು.